ಬೆಟ್ಟ ಬಿಟ್ಟು ಬೀದಿಯ ಫೋಟೊ ಯಾಕೆ?

ನಾನು ಚಿಕ್ಕಮಗಳೂರಿನವಳು ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: ‘ಮುಳ್ಳಯ್ಯನಗಿರಿಯನ್ನು ಕಣ್ಣೆದುರಿಗೇ ಇಟ್ಟುಕೊಂಡು ಬೆಂಗಳೂರಿನ ಗಲ್ಲಿಗಳ ಫೋಟೊ ಯಾಕೆ ತೆಗೆಯುತ್ತೀರಿ?’

ಬೆಟ್ಟದ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. 1,900 ಮೀಟರಿಗೂ ಎತ್ತರದ ಆ ಶಿಖರದ ಮೇಲೆ ಮಂಜು ಸರಿಯುವುದನ್ನು ಕಾದು ಕುಳಿತು ನಾನೂ ಬೇಕಾದಷ್ಟು ಚಿತ್ರ ತೆಗೆದಿದ್ದೇನೆ. ಆದರೆ ಬೆಟ್ಟಕ್ಕೆ ನಾನು ಬಂದರೂ ಒಂದೇ, ಬಾರದಿದ್ದರೂ ಒಂದೇ. ಪಕ್ಕದಲ್ಲಿ ನಿಂತವರ ಚಿತ್ರಕ್ಕೂ ನನ್ನದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರುತ್ತಿರಲಿಲ್ಲ. ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆಗೆ ಹೋಗುವ ಅಭ್ಯಾಸವಾಯಿತು. ನನಗೆ ಫೋಟೊಗ್ರಫಿಯ ಹುಚ್ಚು ನಿಜವಾಗಿ ಹಿಡಿದದ್ದು ಅಲ್ಲಿ.

ಅಲ್ಲಿನ ಹಳೆಯ ಕಟ್ಟಡದ ಮಹಡಿ ಹತ್ತಿ ಕೆಳಗಿನ ಚೆಂಡುಹೂ, ಸೇವಂತಿಗೆಯ ರಾಶಿಗಳನ್ನು ತೆಗೆಯುವುದು ವಾಡಿಕೆ. ಚೆನ್ನಾಗಿಯೇ ಬರುತ್ತದೆ. ಆದರೆ ಅಲ್ಲಿಂದ ಮನುಷ್ಯರು ಬರೀ ತಲೆಗಳಾಗಿ ಕಾಣುತ್ತಾರೆ, ಕೆಳಗಿಳಿಯಲೇಬೇಕು. ಇಳಿದು ಕನಕಾಂಬರ ಕಟ್ಟುವ ಅಜ್ಜಿಯೊಬ್ಬರ ಎದುರು ನಿಂತೆ. ಎಡಗೈ ಬೆರಳುಗಳ ನಡುವೆ ಹೂ ಜೋಡಿಸುತ್ತಾರೆ, ಬಲಗೈಯಿಂದ ದಾರ ಸುತ್ತಿ ಕುಣಿಕೆ ಬಿಗಿಯುತ್ತಾರೆ. ಕಣ್ಣು ಮಾತ್ರ ಗಿರಾಕಿಯ ಮೇಲೆ, ಬಾಯಲ್ಲಿ ಚೌಕಾಸಿ. ಕುಣಿಕೆ ಬಿಗಿಯುವಾಗಲೆಲ್ಲ ಮಾತು ಒಂದು ಗಳಿಗೆ ತಡೆದು ಕೆಳತುಟಿ ಒಳಕ್ಕೆ ಹೋಗುತ್ತದೆ. ಅದೇ ಹೊತ್ತಿಗೆ ಹಿಂದಿನಿಂದ ಮೂಟೆ ಹೊತ್ತ ಹಮಾಲಿಯೊಬ್ಬರು ‘ದಾರಿ, ದಾರಿ’ ಎನ್ನುತ್ತಾ ಬಲ್ಬಿನ ಬೆಳಕಿಗೆ ಬಂದರು. ನಾನು ಅರ್ಧ ಹೆಜ್ಜೆ ಎಡಕ್ಕೆ ಸರಿದಿದ್ದರೆ ಅವರು ಕಂಬದ ಮರೆಗೆ ಹೋಗುತ್ತಿದ್ದರು. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಇಬ್ಬರು ಒಂದೇ ಚಿತ್ರದಲ್ಲಿ ಸೇರಿದ್ದು ನಾನು ನಿಂತ ಜಾಗದಿಂದ. ಬೆಟ್ಟದಲ್ಲಿ ಸಿಗದಿದ್ದದ್ದು ಇದು.

ಹತ್ತಿರ ಹೋಗಲೇಬೇಕಾಗುತ್ತದೆ ಎಂದೇ ಜೂಮ್ ಆಗದ, ಅಗಲ ನೋಟದ 35 ಮಿ.ಮೀ. ಲೆನ್ಸ್ ಹಾಕುತ್ತೇನೆ. ದೂರದಿಂದ ಜೂಮ್ ಮಾಡಿ ತೆಗೆದ ಮುಖಗಳು ನನಗೆ ಕದ್ದು ನೋಡಿದಂತೆಯೇ ಅನ್ನಿಸುತ್ತವೆ. ನಸುಕಿನಲ್ಲಿ ಐಎಸ್‌ಒ 3200ಕ್ಕೆ ಏರಿಸಿ, ಅಂದರೆ ಮಂದ ಬೆಳಕೂ ಕ್ಯಾಮೆರಾಗೆ ಸಾಲುವಂತೆ ಮಾಡಿ, ಚಿತ್ರ ಅಲುಗಿ ಮಸುಕಾಗದ ಹಾಗೆ ಶಟರ್ ವೇಗ ಸೆಕೆಂಡಿನ 1/125ಕ್ಕಿಂತ ಇಳಿಯದಂತೆ ನೋಡಿಕೊಳ್ಳುತ್ತೇನೆ. ಬಿಸಿಲೇರಿದ ಮೇಲೆ ಅವೆನ್ಯೂ ರಸ್ತೆಯಲ್ಲಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್ 8ಕ್ಕೆ, ಫೋಕಸ್ ಮೂರು ಮೀಟರಿಗೆ ಕಟ್ಟಿಟ್ಟರೆ ಸಾಕು. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ ಸುಮಾರು ಎರಡರಿಂದ ಏಳು ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಕಣ್ಣು ಜನರ ಮೇಲೇ ಇರಬಹುದು.

ಫುಟ್‌ಪಾತಿನಲ್ಲಿ ಮಲಗಿದವರನ್ನು, ಭಿಕ್ಷೆಗೆ ಕೈಚಾಚಿದವರನ್ನು ತೆಗೆಯುವುದಿಲ್ಲ. ಬೇಡ ಎಂದು ಯಾರಾದರೂ ಕೈ ಆಡಿಸಿದರೆ ಅಲ್ಲೇ ಅಳಿಸುತ್ತೇನೆ. ಈ ವಿಷಯದಲ್ಲಿ ನನಗೆ ಗುರುವಿನಂತಿರುವವರು ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009). ದೊಡ್ಡವರ ಚಿತ್ರಗಳನ್ನೂ ತೆಗೆದವರು, ಪದ್ಮಶ್ರೀ ಪಡೆದವರು. ಆದರೂ ಅವರ ಚಿತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆಡುವ ಮಕ್ಕಳು, ದುಡಿಯುವ ಹೆಂಗಸರು, ದಾರಿಹೋಕರು. ಒಬ್ಬರನ್ನೂ ಅವರು ಬಡಪಾಯಿಯಂತೆ ತೋರಿಸಿಲ್ಲ.

ಈಗ ಊರಿಗೆ ಬಂದಾಗಲೂ ಕ್ಯಾಮೆರಾ ಚಿಕ್ಕಮಗಳೂರಿನ ಎಂ.ಜಿ. ರಸ್ತೆಗೇ ಹೊರಡುತ್ತದೆ. ಮಳೆಗಾಲದ ಮೋಡ ಬೆಳಕನ್ನು ದಿನವಿಡೀ ಮೆತ್ತಗಾಗಿಸುವುದರಿಂದ ನಡುಮಧ್ಯಾಹ್ನವೂ ಮುಖಗಳ ಮೇಲೆ ಗಡುಸು ನೆರಳು ಬೀಳುವುದಿಲ್ಲ. ಕಾಫಿಪುಡಿ ಅಂಗಡಿಯ ಮುಂದೆ ಕೊಡೆ ಮಡಚುವವರು, ಪ್ಲಾಸ್ಟಿಕ್ ಹೊದ್ದು ಸೊಪ್ಪು ಮಾರುವವರು, ತೋಟದ ಕೆಲಸ ಮುಗಿಸಿ ಜೀಪಿನಿಂದ ಇಳಿಯುವವರು ಇಲ್ಲಿದ್ದಾರೆ. ಬೆಂಗಳೂರಿನಲ್ಲಿ ಯಾರೂ ನನ್ನನ್ನು ಗಮನಿಸುವುದಿಲ್ಲ. ಇಲ್ಲಿ ‘ಯಾರ ಮಗಳಮ್ಮ ನೀನು? ಯಾವ ಪೇಪರಿಗೆ?’ ಎಂದು ಕೇಳಿಯೇ ಕೇಳುತ್ತಾರೆ. ಅಪ್ಪನ ಹೆಸರು, ಬೀದಿ ಎಲ್ಲ ಹೇಳಿ ಮಾತು ಮುಗಿಯುವಷ್ಟರಲ್ಲಿ ನಾನು ಕಂಡ ಚಿತ್ರ ಹೋಗಿರುತ್ತದೆ. ಆಮೇಲೆ ಸಿಗುವುದು ಬೇರೆಯದೇ ಚಿತ್ರ: ನನ್ನ ಗುರುತು ಹಿಡಿದು ನೇರವಾಗಿ ಕ್ಯಾಮೆರಾ ನೋಡುವವರದು. ಈ ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ, ಇತ್ತೀಚೆಗೆ ನನ್ನ ಮನಸ್ಸು ಈ ಎರಡನೆಯದರ ಕಡೆಗೇ ವಾಲುತ್ತಿದೆ.