ಧನುರ್ಮಾಸದ ಬೀದಿ ಭಜನೆ, 11ನೇ ದಿನ: ತಾಳ ಕೊನೆಗೂ ಕೂಡಿತು

ಇವತ್ತು ನಾಲ್ಕನೇ ಕ್ರಾಸಿನಿಂದ ಗಣಪತಿ ಗುಡಿವರೆಗೆ ತಾಳ ಒಂದು ಸಲವೂ ತಪ್ಪಲಿಲ್ಲ. ಹತ್ತು ದಿನ ತಲೆ ಕೆಡಿಸಿಕೊಂಡ ಮೇಲೆ!

ದಾರಿ ಯಾವುದು, ಪದ ಯಾವುದು, ಶ್ರುತಿ ಒಂದೂವರೆಯೋ ಎರಡೋ ಅನ್ನೋ ಜಗಳವೆಲ್ಲ ನಿಮಗೂ ಗೊತ್ತಿದ್ದದ್ದೇ, ಬಿಡಿ. ನಮ್ಮ ಕಾಟ ಬೇರೆ. ಜಗಲಿ ಮೇಲೆ ಕೂತು ಹಾಡಿದರೆ ಗಡಿಯಾರದ ಹಾಗೆ ಬೀಳುವ ತಾಳ, ನಡೆಯಲು ಶುರು ಮಾಡಿದ ಐದೇ ನಿಮಿಷಕ್ಕೆ ಎಳೆಯುತ್ತಿತ್ತು. ಮುಂದಿನವರು "ನೀವು ಜಗ್ತೀರಿ" ಅಂತಾರೆ, ಹಿಂದಿನವರು "ನೀವು ಓಡ್ತೀರಿ" ಅಂತಾರೆ. ಎರಡನೇ ಕ್ರಾಸ್ ಬರೋ ಹೊತ್ತಿಗೆ ಆದಿತಾಳ ಅನಾದಿತಾಳ ಆಗಿರುತ್ತಿತ್ತು.

ಮೊದಲು ಕೈಯಲ್ಲಿ ಬಾರಿಸೋ ಲೋಹದ ತಾಳಗಳ ಮೇಲೇ ಅನುಮಾನ ಬಂತು. ಹೊಸದಾಗಿ ಐದು ಜೊತೆ ತಂದೆ. ಕಂಚು ಅಂತ ಹೇಳಿ ಕೊಟ್ಟರು. ಎರಡು ಜೊತೆ ಪಾತ್ರೆ ಮುಚ್ಚಳದ ಹಾಗೆ ಸದ್ದು ಮಾಡುತ್ತವೆ. ಕೇಳಿದರೆ ಅಂಗಡಿಯವರು "ಬಾರಿಸ್ತಾ ಬಾರಿಸ್ತಾ ನಾದ ಬರತ್ತೆ ಸಾರ್" ಅಂದರು. ಇನ್ನೂ ಬಂದಿಲ್ಲ. ಮೂರನೇ ಕ್ರಾಸಿನ ಕರಿ ನಾಯಿಗೆ ಮಾತ್ರ ಅವು ಬಹಳ ಇಷ್ಟ, ದಿನಾ ಜೊತೆಗೆ ಊಳಿಡುತ್ತದೆ. (ಇದೇ ಸಿಟ್ಟಿಗೆ ಮುಂದಿನ ವರ್ಷಕ್ಕೆ ಚಿಟಿಕೆ ಅನ್ನೋ ಮರದ ತಾಳ ನಾನೇ ಮಾಡೋದು ಅಂತ ಹಲಸಿನ ಮರದ ತುಂಡು ತಂದಿಟ್ಟಿದ್ದೇನೆ. ಅದರೊಳಗೆ ಝಲ್ ಅನ್ನೋ ಲೋಹದ ಬಿಲ್ಲೆಗಳಿಗೆ ಏನು ಬಳಸ್ತೀರಿ? ಅನುಭವ ಇದ್ದವರು ಹೇಳಿ.)

ಮೈಕ್ ಹಿಡಿಯೋಣ ಅಂದರು ಒಬ್ಬರು. ನಾವು ಹೊರಡೋದು 5:15ಕ್ಕೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಅದೂ ಅಲ್ಲದೆ, ಯಾರು ಚೆನ್ನಾಗಿರಲಿ ಅಂತ ಬೇಡಿಕೊಳ್ತೇವೋ ಅವರ ಹತ್ತಿರವೇ ಶಾಪ ಹಾಕಿಸಿಕೊಳ್ಳೋದು ಯಾಕೆ?

ಎಂಟನೇ ದಿನ ಸಾಲಿನ ಮುಂದೊಂದು, ಹಿಂದೊಂದು ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ಗುಟ್ಟು ಗೊತ್ತಾಯ್ತು. ನಾವು 28 ಜನ, ಇಬ್ಬಿಬ್ಬರಂತೆ 14 ಸಾಲು, ಹತ್ತಿರ ಹತ್ತಿರ 20 ಮೀಟರ್. ಈ ಚಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಅಂದರೆ ಮುಂದಿನವರ ಪೆಟ್ಟಿನ ಸದ್ದು ಹಿಂದಕ್ಕೆ ತಲುಪಲು 60 ಮಿಲಿಸೆಕೆಂಡ್. ಜುಜುಬಿ ಅನ್ನಿಸುತ್ತೆ ಅಲ್ವಾ? ಆದರೆ ಹಿಂದಿನವರು ಕೇಳಿದ ಮೇಲೆ ತಟ್ಟುತ್ತಾರೆ, ಅದು ವಾಪಸ್ ಬರಲು ಇನ್ನೊಂದು 60. ಮುಂದಿನವರು "ಓ, ನಿಧಾನ ಆಯ್ತು" ಅಂತ ತಾವೂ ನಿಧಾನ ಮಾಡುತ್ತಾರೆ. ತಾಳದ ಪ್ರತಿ ಸುತ್ತಿಗೂ ಇದೇ ಕಥೆ. ಯಾರೂ ಎಳೆಯುತ್ತಿರಲಿಲ್ಲ, ಬೀದಿಯೇ ಎಳೆಯುತ್ತಿತ್ತು.

ಹಾಗಾಗಿ ಮೂವರಂತೆ ಒತ್ತಾಗಿ ನಿಂತು ಸಾಲನ್ನು 10 ಮೀಟರಿಗೆ ಇಳಿಸಿದೆವು. ತಾಳವೆಲ್ಲ ಮಧ್ಯದವರ ಕೈಗೆ. ಉಳಿದವರು ಸುಮ್ನೆ ಹಾಡಬೇಕು, ಚಪ್ಪಾಳೆಯೂ ಬೇಡ. ಎಡಗಾಲು ಊರಿದಾಗ ತಾಳದ ಪೆಟ್ಟು. ವೇಗ ಗೊತ್ತು ಮಾಡೋದು ಮಂಡಿನೋವಿನ ಅಜ್ಜಿಯ ಹೆಜ್ಜೆ. ಇಪ್ಪತ್ತು ವರ್ಷದಿಂದ ಮುಂದೆ ನಿಂತು ತಾಳ ಹಾಕುತ್ತಿದ್ದ ಹಿರಿಯರಿಗೆ ದೀಪ ಕೊಟ್ಟೆವು. ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಮೊದಮೊದಲು ಪ್ರತಿ ಕ್ರಾಸಿನಲ್ಲಿ ನಿಂತು ಯಾರಿಗೆ ಏನು ಕಷ್ಟ ಅಂತ ಪಟ್ಟಿ ಓದಿ ಬೇಡಿಕೊಳ್ಳುತ್ತಿದ್ದೆವು. ಮೂರನೇ ದಿನ ಒಬ್ಬರ ಆಪರೇಷನ್ ವಿಷಯ ಗಟ್ಟಿಯಾಗಿ ಹೇಳಿಬಿಟ್ಟೆ. ಗೇಟಿನಲ್ಲಿ ಅವರ ಮಗಳು ಬಾಯಿಗೆ ಬೆರಳಿಟ್ಟು ನಿಂತಿದ್ದಳು. ಒಳಗೆ ಅಜ್ಜನಿಗೆ ಅದು ಗೊತ್ತಿರಲಿಲ್ಲ. ಈಗ ಪಟ್ಟಿ ಇಲ್ಲ, ಹೆಸರೂ ಇಲ್ಲ. ಗೊತ್ತಿರುವವರು ಆ ಮನೆ ಮುಂದೆ ದನಿ ತಗ್ಗಿಸುತ್ತಾರೆ, ಪಕ್ಕದವರೂ ತಗ್ಗಿಸುತ್ತಾರೆ. ತಾಳ ಮಾತ್ರ ನಡೆದೇ ಇರುತ್ತದೆ. ಇವತ್ತು ಆ ಗೇಟಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇತ್ತು. ಒಳಗೆ ಬಿಸಿ ಹುಗ್ಗಿ, ಮೇಲೆ ಇಡೀ ಮೆಣಸು.

ಮೂವರ ಸಾಲಿನಿಂದ ಹೊಸ ತಲೆನೋವೂ ಶುರುವಾಗಿದೆ. ಅಂಚಿನವರ ಕಾಲು ರಂಗೋಲಿ ಮೇಲೆ ಬೀಳುತ್ತೆ. ಇವತ್ತು ಎರಡು ಅಳಿಸಿದೆವು. ಎರಡನೆಯದು ನಮ್ಮನೆಯದೇ.