ಹೋಟೆಲ್ ಅಂತ ಬೋರ್ಡ್ ಇದೆ, ರೂಮ್ ಯಾಕಿಲ್ಲ?

ಹೊರ ರಾಜ್ಯಗಳಿಂದ ಮೈಸೂರಿಗೆ ಬರುವ ಗೆಳೆಯರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ‘ಹೋಟೆಲ್ ಅಂತ ಬೋರ್ಡ್ ಹಾಕಿದ್ದಾರೆ, ಒಳಗೆ ಹೋದರೆ ರೂಮೇ ಇಲ್ಲ ಅಂತಾರೆ. ನಿಮ್ಮೂರಲ್ಲಿ ಉಳಿಯೋದು ಎಲ್ಲಿ, ಕುಡಿಯೋದು ಎಲ್ಲಿ, ಬೋರ್ಡ್ ನೋಡಿ ಹೇಗೆ ತಿಳಿಯೋದು?’

ದೊಡ್ಡಕ್ಷರದ ಹೆಸರನ್ನು ಬಿಡಿ, ಅದರ ಕೆಳಗಿನ ಸಣ್ಣ ಸಾಲನ್ನು ಓದಿ. ನಾನು ಎಲ್ಲರಿಗೂ ಹೇಳುವುದು ಇಷ್ಟೇ.

ನಮ್ಮಲ್ಲಿ ಹೋಟೆಲ್ ಅಂದರೆ ಮೊದಲಿಗೆ ತಿಂಡಿ, ಊಟ, ಕಾಫಿ. ನಜರ್‌ಬಾದಿನ ಮೈಲಾರಿ ಹೋಟೆಲಿಗೆ ದೋಸೆ ತಿನ್ನಲು ಹೋಗುತ್ತೇವೆ. ಅಲ್ಲಿ ಯಾರೂ ರೂಮ್ ಕೇಳುವುದಿಲ್ಲ. ಮಿಲಿಟರಿ ಹೋಟೆಲ್ ಅಂದರೆ ಮಾಂಸದ ಊಟ. ಮಂಡ್ಯ ಕಡೆ ಹೋದರೆ ಮುದ್ದೆ, ಮಟನ್ ಸಾರು. ಮಾಂಸ ಇದೆ ಅಂದಮೇಲೆ ಮದ್ಯವೂ ಇರಬೇಕು ಅಂದುಕೊಂಡು ಒಳಗೆ ಹೋಗುವವರಿದ್ದಾರೆ. ಸಾಮಾನ್ಯವಾಗಿ ಅಲ್ಲಿ ಅದು ಇರುವುದಿಲ್ಲ. ಮನೆಮಂದಿಯೆಲ್ಲ ಕೂತು ಉಣ್ಣುವ ಜಾಗ ಅದು.

ಮಲಗಲು ಜಾಗ ಬೇಕಿದ್ದರೆ ‘ಲಾಡ್ಜ್’, ‘ವಸತಿ ಗೃಹ’, ಹಳೆಯ ಬೋರ್ಡಾದರೆ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಅಂತ ಹುಡುಕಿ. ಸಮಸ್ಯೆ ಶುರುವಾಗುವುದು ಇಲ್ಲೇ. ಮೇಲೆ ರೂಮು, ಕೆಳಗೆ ಬಾರ್ ಇರುವ ಕಟ್ಟಡಗಳು ನಮ್ಮಲ್ಲಿ ಬೇಕಾದಷ್ಟಿವೆ. ವಯಸ್ಸಾದ ತಂದೆ ತಾಯಿಯನ್ನು ಚಾಮುಂಡಿ ಬೆಟ್ಟಕ್ಕೆಂದು ಕರೆತಂದವರು ರಾತ್ರಿ ಹತ್ತರ ಗದ್ದಲ ಕೇಳಿ ಬೇಸರಪಡುತ್ತಾರೆ.

ಇದಕ್ಕೆ ಕಾರಣ ಅಬಕಾರಿ ಸನ್ನದು, ಅಂದರೆ ಮದ್ಯ ಮಾರಲು ಸರ್ಕಾರ ಕೊಡುವ ಲೈಸೆನ್ಸು. ಮೂರು ಬಗೆ ತಿಳಿದಿದ್ದರೆ ಸಾಕು. ಸಿಎಲ್-2 ಅಂದರೆ ಬಾಟಲಿ ಮಾರುವ ಅಂಗಡಿ. ಬೋರ್ಡಿನಲ್ಲಿ ‘ವೈನ್ಸ್’ ಅಂತಿರುತ್ತದೆ, ಹಳಬರು ಬ್ರಾಂದಿ ಅಂಗಡಿ ಅಂತಾರೆ. ಅಲ್ಲಿ ಕೂತು ಕುಡಿಯುವಂತಿಲ್ಲ. ಸಿಎಲ್-9 ಅಂದರೆ ಬಾರ್ ಅಂಡ್ ರೆಸ್ಟೋರೆಂಟ್. ಕುಡಿಯುವುದು ಒಳಗೇ, ಬಾಟಲಿ ಕಟ್ಟಿಸಿಕೊಂಡು ಹೊರಡುವಂತಿಲ್ಲ. ಸಿಎಲ್-7 ಸಿಗುವುದು ರೂಮುಗಳಿರುವ ಹೋಟೆಲಿಗೆ. ಮೊದಲೆರಡು ಬಗೆಯ ಹೊಸ ಸನ್ನದು ಕೊಡುವುದನ್ನು ಸರ್ಕಾರ 1990ರ ದಶಕದ ಆರಂಭದಲ್ಲೇ ನಿಲ್ಲಿಸಿತು. ಸಿಎಲ್-7ಕ್ಕೆ ಮಾತ್ರ ದಾರಿ ತೆರೆದಿತ್ತು. ಬಾರ್ ಬೇಕು ಅಂದವರು ಅದರ ಮೇಲೆ ರೂಮುಗಳನ್ನೂ ಕಟ್ಟಿದರು. ಬಾರಿಗೋಸ್ಕರ ಕಟ್ಟಿದ ರೂಮು ಹೇಗಿರುತ್ತದೆ ಅನ್ನುವುದು ಒಂದು ರಾತ್ರಿ ಮಲಗಿದರೆ ಗೊತ್ತಾಗುತ್ತದೆ. ಎಲ್ಲ ಕಡೆಯೂ ಹೀಗೇ ಅಂತಲ್ಲ, ಚೆನ್ನಾಗಿ ನಡೆಸುವವರೂ ಇದ್ದಾರೆ. ಆದರೆ ಕುಟುಂಬದ ಜೊತೆ ಬರುವವರು ಮೊದಲೇ ವಿಚಾರಿಸಬೇಕು.

ಎಂಎಸ್‌ಐಎಲ್ ಅಂತ ಬೋರ್ಡ್ ಕಂಡರೆ ಅದು ಸರ್ಕಾರದ ಸಂಸ್ಥೆಯದೇ ಮದ್ಯದ ಮಳಿಗೆ. ಲೇಖಕ್ ನೋಟ್‌ಬುಕ್ ಮಾರುವುದೂ ಅದೇ ಸಂಸ್ಥೆ. ಪಡಖಾನೆ, ಸಾರಾಯಿ ಅಂಗಡಿ ಅನ್ನುವ ಮಾತು ಹಳ್ಳಿಯ ಹಿರಿಯರ ಬಾಯಲ್ಲಿ ಇನ್ನೂ ಇದೆ. ಸಾರಾಯಿ ಮಾತ್ರ 2007ರ ಜುಲೈ 1ರಿಂದ ರಾಜ್ಯದಲ್ಲಿ ನಿಷೇಧ. ಪ್ಯಾಕೆಟ್ ಸಾರಾಯಿಗೆ ಕೂಲಿಯ ದುಡ್ಡೆಲ್ಲ ಹೋಗಿ ಹಾಳಾದ ಮನೆಗಳು ಮಂಡ್ಯದ ಹಳ್ಳಿಗಳಲ್ಲಿ ಎಷ್ಟೋ. ಆ ಅಂಗಡಿಗಳು ಮುಚ್ಚಿದ್ದು ಒಳ್ಳೆಯದೇ ಆಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇನ್ನೊಂದು ಬೋರ್ಡ್ ‘ಪ್ರವಾಸಿ ಮಂದಿರ’. ಪ್ರವಾಸಿಗಳಿಗೇ ಅಂತ ನಂಬಿ ಬ್ಯಾಗ್ ಹೊತ್ತು ಹೋಗಬೇಡಿ. ನಾವು ಐಬಿ, ಅಂದರೆ ಇನ್‌ಸ್ಪೆಕ್ಷನ್ ಬಂಗಲೆ, ಅನ್ನುವುದು ಇದನ್ನೇ. ಲೋಕೋಪಯೋಗಿ ಇಲಾಖೆಯದು, ಅಧಿಕಾರಿಗಳಿಗೂ ಜನಪ್ರತಿನಿಧಿಗಳಿಗೂ ಮೊದಲ ಆದ್ಯತೆ. ಸರ್ಕಾರಿ ವಸತಿಯೇ ಬೇಕಿದ್ದರೆ ‘ಮಯೂರ’ ಎಂಬ ಹೆಸರು ನೋಡಿ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಡದ ಮೇಲೇ ಒಂದಿದೆ.

ನನಗೆ ತುಂಬಾ ಇಷ್ಟವಾದ ಹೆಸರು ಛತ್ರ. ದಾರಿಹೋಕರಿಗೆ ತಂಗಲು ಜಾಗ, ಎಷ್ಟೋ ಕಡೆ ಊಟವನ್ನೂ ಕೊಟ್ಟು ದುಡ್ಡು ಕೇಳದ ಮನೆ. ಮೈಸೂರಿನ ವಿನೋಬಾ ರಸ್ತೆಯ ನಂಜರಾಜ ಬಹದ್ದೂರ್ ಛತ್ರದಲ್ಲಿ ಈಗ ಮೇಳ, ಪ್ರದರ್ಶನಗಳು ನಡೆಯುತ್ತವೆ. ಊರಲ್ಲಿ ಛತ್ರ ಅಂದರೆ ಈಗ ಮದುವೆ ಮಂಟಪವೇ ಅಲ್ವಾ? ಹಳೆಯ ಅರ್ಥದ ಛತ್ರ ನೋಡಬೇಕಿದ್ದರೆ ಮಂಡ್ಯ ಜಿಲ್ಲೆಯ ಮೇಲುಕೋಟೆಗೆ ಹೋಗಿ. ಅಲ್ಲಿನ ವೈರಮುಡಿ ಉತ್ಸವಕ್ಕೆ ಬರುವ ಭಕ್ತರು ಇಂದಿಗೂ ಛತ್ರಗಳಲ್ಲಿ ತಂಗುತ್ತಾರೆ. ಬೇಸಿಗೆಯಲ್ಲಿ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆಯೂ ಇದೇ ಗುಣದ್ದು. ಇಂಥ ಜಾಗಗಳು ಇನ್ನೂ ಜಾಸ್ತಿ ಇರಬೇಕಿತ್ತು.

ದಸರಾಗೆ ಬರುವವರು ತಿಂಗಳ ಮೊದಲೇ ಫೋನ್ ಮಾಡಿ. ಸುಮ್ನೆ ‘ಹೋಟೆಲಾ?’ ಅಂತ ಕೇಳಿದರೆ ಇಡ್ಲಿ ಮಾರುವವರೂ ಹೌದು ಅಂತಾರೆ. ರೂಮ್ ಇದೆಯಾ, ಕೆಳಗೆ ಬಾರ್ ಇದೆಯಾ, ಊಟ ಅಲ್ಲೇ ಸಿಗುತ್ತದಾ ಅಂತ ಬಿಡಿಸಿ ಕೇಳಿ.