ಮಂಗಳವಾರ ತುಳಸಿ ಕೀಳಬಾರದು

12 ಮಾರ್ಚ್ 2024, ಮಂಗಳವಾರ
ಉಡುಪಿ

ಸಂಜೆ ಬ್ಯಾಗ್ ಇಳಿಸುವ ಮೊದಲೇ ಅಮ್ಮ ಅಂಗಳಕ್ಕೆ ಕರೆದರು. ತುಳಸಿ ಮುರುಟಿದೆ. ಎಲೆಗಳ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕಿ.

"ಕಣ್ಣು ತಾಗಿದ್ದು ಮಾರಾಯ್ತಿ. ಮೊನ್ನೆ ಬಂದವರು ಎಷ್ಟು ಹೊಗಳಿದ್ರು!"

ಒಂದು ಎಲೆ ಕೀಳಲು ಕೈ ಚಾಚಿದೆ. "ಇವತ್ತು ಮಂಗಳವಾರ!" ಸರಿ. ಕಟ್ಟೆಯ ಪಕ್ಕ ಮೊಣಕಾಲೂರಿ, ಫೋನಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ, ಎಲೆಯನ್ನು ಮೆಲ್ಲಗೆ ಮಗುಚಿದೆ.

ಇದ್ದವು. ಲೇಸ್ ಬಗ್, ಎಲೆಯ ರಸ ಹೀರುವ ಪುಟ್ಟ ಕೀಟ. ಬರಿಗಣ್ಣಿಗೆ ಎಳ್ಳುಕಾಳು, ಅಷ್ಟೇ. ಲೆನ್ಸಿನಲ್ಲಿ ಬೆನ್ನು, ರೆಕ್ಕೆ ಎಲ್ಲ ಗಾಜಿನ ಜಾಲರಿ, ಅಜ್ಜಿಯ ಕ್ರೋಶಾ ಕಸೂತಿಯ ಹಾಗೆ. ತಲೆಯ ಹಿಂದೆ ಉಬ್ಬಿದ ಗುಳ್ಳೆ. ಮರಿಗಳಿಗೆ ಜಾಲರಿ ಇಲ್ಲ, ಬರೀ ಮುಳ್ಳು. ಸುತ್ತ ಟಾರಿನ ಹನಿಯಂಥ ಕಪ್ಪು ಹಿಕ್ಕೆ. ಮೇಲಿನ ಬಿಳಿ ಚುಕ್ಕಿ ಮಾತ್ರ ನೋಡಿದ್ದರೆ ಜೇಡನುಸಿ ಅಂದುಕೊಳ್ಳುತ್ತಿದ್ದೆ. ನುಸಿಯಾದರೆ ಸಣ್ಣ ಬಲೆ ಇರುತ್ತದೆ, ಈ ಹಿಕ್ಕೆ ಇರುವುದಿಲ್ಲ.

ಎಷ್ಟು ಚಂದ ಇವೆ! ಅಮ್ಮನ ಎದುರು ಹೇಳಲಿಲ್ಲ.

"ಹಿಂದಿನ ಬಾಳೆಗೂ ಹೋಗ್ತದಾ?"

ಇಲ್ಲ ಅಂದೆ. ಹೆಚ್ಚಿನ ಜಾತಿಗಳಿಗೆ ಕೆಲವೇ ಗಿಡಗಳ ಋಣ. ಇದು ತುಳಸಿಯದ್ದು, ಕಾಕ್ಲೋಕೈಲಾ ಬುಲ್ಲಿಟಾ. ಬಾಳೆಯದ್ದು ಸ್ಟೆಫನೈಟಿಸ್ ಟಿಪಿಕಾ. ಅದು ತೆಂಗಿಗೂ ಬರುತ್ತದೆ, ಕೇರಳದಲ್ಲಿ ತೆಂಗಿನ ಬೇರು ಸೊರಗು ರೋಗ ಹರಡುವುದರಲ್ಲಿ ಅದರ ಕೈವಾಡವೂ ಉಂಟು. ಬದನೆಗೆ ಯುರೆಂಟಿಯಸ್. ಗಿಡದ ಹೆಸರು ಗೊತ್ತಿದ್ದರೆ ಗುರುತು ಹಿಡಿಯುವ ಕೆಲಸ ಅರ್ಧ ಮುಗಿದ ಹಾಗೆ.

"ಬದನೆಗಾ? ಮಟ್ಟುಗುಳ್ಳಕ್ಕೂ?"

"ಅದೂ ಬದನೆ ಅಲ್ವಾ ಅಮ್ಮ." 2011ರಲ್ಲಿ ಅದಕ್ಕೆ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು, ಸಿಕ್ಕಿದ್ದು ಕೀಟಕ್ಕೇನು ಗೊತ್ತು! ಅಮ್ಮ ತುಳಸಿ ಮರೆತು ಗುಳ್ಳದ ಚಿಂತೆಗೆ ಇಳಿದರು. ಸಾಂಬಾರಿನ ಚಿಂತೆ ಅಂದರೆ ಹೆಚ್ಚು ಸರಿ.

ಮದ್ದು ಹೊಡೆಯುವ ಹಾಗಿಲ್ಲ, ಎಲೆ ತೀರ್ಥಕ್ಕೆ ಬೇಕು. ಪೈಪಿನಲ್ಲಿ ಎಲೆಯ ಅಡಿಗೆ ಜೋರಾಗಿ ನೀರು ಬಿಟ್ಟೆ. ಸುಮಾರು ಉದುರಿದವು. ಆದರೆ ಮೊಟ್ಟೆಗಳು ಎಲೆಯ ಒಳಗೇ ಹೂತಿರುತ್ತವೆ, ನೀರಿಗೆ ಹೋಗುವುದಿಲ್ಲ. ನಾಳೆ ಬುಧವಾರ, ಹಾಳಾದ ಎಲೆ ಎಲ್ಲ ಕಿತ್ತು ಸುಡುತ್ತೇನೆ ಅಂದೆ.

"ಸುಡುವುದಾ? ತುಳಸಿಯನ್ನಾ?"

ಹೌದಲ್ಲ. ಕಸದ ಬುಟ್ಟಿಗೂ ಹಾಕುವ ಹಾಗಿಲ್ಲ. ಬಾವಿಕಟ್ಟೆಯ ಹತ್ತಿರ ಹೂತರೆ